ಶ್ರೀಕಂಠಯ್ಯನವರ ಎಂಗೇಜ್ ಫೋನು

ಶ್ರೀಕಂಠಯ್ಯನವರು ಒದ್ದೆ ಬಟ್ಟೆಯ ತುದಿಗೆ ಎರಡು ಹನಿ ಡೆಟಾಲ್ ಹಾಕಿಕೊಂಡು ಫೋನಿನ ರಿಸೀವರ್ ಒರೆಸುತ್ತಿದ್ದರು. ದಿನಾ ಬೆಳಿಗ್ಗೆ, ತುಟಿ ಬಿಚ್ಚದೆ ಮಾಡುವ ಕೆಲಸ ಅದು. ಕಿವಿಗಿಡುವ ಕಡೆ ಕೊಬ್ಬರಿ ಎಣ್ಣೆಯ ಜಿಡ್ಡಿದ್ದರೆ ಕೆಳಗಿನ ಮನೆಯ ಓನರ್ ಆಂಜನಮ್ಮ ಮಾತಾಡಿದ್ದಾರೆ ಎಂದರ್ಥ. ಬಾಯಿಯ ಕಡೆ ಅತ್ತರಿನ ಘಮವಿದ್ದರೆ ಎದುರು ಮನೆಯ ಉಮ್ಮೆ ಕುಲ್ಸುಂ. ತಂತಿಯ ಸುರುಳಿಯಲ್ಲಿ ಒಗ್ಗರಣೆಯ ಸಾಸಿವೆ ಸಿಕ್ಕಿಕೊಂಡಿದ್ದರೆ ಸ್ವಂತ ಹೆಂಡತಿ ರಮಾಮಣಿ.

ಮರ್ಫಿ ಟೌನಿನ ಆ ಕಟ್ಟಡದಲ್ಲಿ ಫೋನ್ ಇದ್ದದ್ದು ಮಹಡಿಯ ಮೇಲಿನ ಬಾಡಿಗೆದಾರ ಶ್ರೀಕಂಠಯ್ಯನವರಿಗೊಬ್ಬರಿಗೇ. ಉಳಿದವರು ಅರ್ಜಿ ಹಾಕಿ ಕಾಯುತ್ತಿದ್ದರು. ಕಾಯುವುದರಲ್ಲಿ ಅವರಿಗೇನೂ ಬೇಸರವಿರಲಿಲ್ಲ. ಶ್ರೀಕಂಠಯ್ಯನವರ ನಂಬರಿನ ಮುಂದೆ ‘ಪಿಪಿ’, ಅಂದರೆ ಪಕ್ಕದವರ ಫೋನು, ಎಂದು ಬರೆದು ನೆಂಟರಿಗೆಲ್ಲ ಹಂಚಿಬಿಟ್ಟಿದ್ದರು. ಆ ನಂಬರು ಕೋಲಾರದಿಂದ ಹಿಡಿದು ಸೌದಿಯ ದಮ್ಮಾಮಿನವರೆಗೂ ಬಾಯಿಪಾಠವಾಗಿತ್ತು.

ಅಂದು ಮಾತ್ರ ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ಅವರು ಗುಮಾಸ್ತರಾಗಿದ್ದ ವಿಮಾ ಕಚೇರಿಗೆ ಆ ವರ್ಷ ಕಂಪ್ಯೂಟರಿನ ಹುಚ್ಚು ಹಿಡಿದಿತ್ತು. ನೌಕರರೆಲ್ಲ ಇಂಟರ್‌ನೆಟ್ಟಿನಲ್ಲೇ ಪಾಠ ಓದಿ, ಅಲ್ಲೇ ಪರೀಕ್ಷೆ ಬರೆಯಬೇಕು, ಅದೂ ಅಂದೇ, ಶನಿವಾರ ಸಂಜೆ ಐದರೊಳಗೆ. ಮನೆಯಲ್ಲಿ ಕಂಪ್ಯೂಟರ್ ಇದ್ದವರಿಗೆ ಮನೆಯಿಂದಲೇ ಬರೆಯಲು ರಜೆ; ಶ್ರೀಕಂಠಯ್ಯನವರ ಮನೆಯಲ್ಲಿ ಮಗಳ ಓದಿಗೆಂದು ತಂದದ್ದೊಂದಿತ್ತು. ಫಲಿತಾಂಶ ನೋಡಿ ಕೆಲವರನ್ನು ಬೇರೆ ಊರುಗಳಿಗೆ ಕಳಿಸುತ್ತಾರಂತೆ ಎಂಬ ಸುದ್ದಿಯೂ ಜೊತೆಗೆ ಬಂದಿತ್ತು.

“ಕೆಲವರು ಅಂದ್ರೆ ಯಾರು? ಫೇಲಾದೋರು. ಇನ್ಯಾರು?” ಎಂದು ಕ್ಯಾಂಟೀನಿನಲ್ಲಿ ತೀರ್ಪು ಕೊಟ್ಟವರು ಸಹೋದ್ಯೋಗಿ ಭಗವಂತರಾಯರು. “ಸೀದಾ ಯಾದಗಿರಿ. ನೋಡ್ತಾ ಇರಿ.”

ಶ್ರೀಕಂಠಯ್ಯನವರು ಬೇರೆ ಊರಲ್ಲಿ ಒಂದು ರಾತ್ರಿ ಮಲಗಿದರೆ ಮೂರು ದಿನ ಹೊಟ್ಟೆ ಕೆಡಿಸಿಕೊಳ್ಳುವ ಆಸಾಮಿ. ಮಗಳು ಗಗನಾಗೆ ಎರಡನೇ ಪಿಯುಸಿ. ರಮಾಮಣಿಯಂತೂ ಹಲಸೂರು ಕೆರೆ ಕಣ್ಣಿಗೆ ಬೀಳದಿದ್ದರೆ ಅದು ಬೆಂಗಳೂರೇ ಅಲ್ಲ ಎನ್ನುವವರು. ಯಾದಗಿರಿ ಎಂಬ ಹೆಸರು ಕೇಳಿದ ದಿನದಿಂದ ಶ್ರೀಕಂಠಯ್ಯನವರಿಗೆ ಕಚೇರಿಯ ಕಾಫಿಯೂ ಕಷಾಯದಂತೆ ಇಳಿಯುತ್ತಿತ್ತು.

ಗಗನಾ ಎನ್‌ಸಿಸಿ ಕ್ಯಾಂಪಿಗೆ ಹೊರಡುವ ಮುಂಚೆ ಎಲ್ಲ ಹೇಳಿಕೊಟ್ಟಿದ್ದಳು. “ಅಪ್ಪಾ, ಇಂಟರ್‌ನೆಟ್ಟೂ ಫೋನೂ ಒಂದೇ ತಂತಿಲಿ ಬರೋದು. ನೀವು ಓದ್ತಾ ಇರೋವಾಗ ಯಾರೂ ಫೋನ್ ಎತ್ತಬಾರ್ದು. ಎತ್ತಿದ್ರೆ ಎಲ್ಲಾ ಕಟ್. ಅಷ್ಟೇ.”

ಅಷ್ಟೇ. ಆ ಕಟ್ಟಡದಲ್ಲಿ ಆ ಫೋನನ್ನು ಎತ್ತದೇ ಇರುವುದು ಎಂದರೆ ಹಸುವಿನ ಮುಂದೆ ಹಸಿ ಹುಲ್ಲಿಟ್ಟು ತಿನ್ನಬೇಡ ಎಂದಂತೆ.

ಹತ್ತು ಗಂಟೆಗೆ ದೇವರಿಗೆ ಕೈಮುಗಿದು ಶುರು ಮಾಡಿದರು. ಕಂಪ್ಯೂಟರನ್ನು ಫೋನ್ ತಂತಿಗೆ ಜೋಡಿಸುವ ಮೋಡೆಮ್ಮು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚಿ, ಕೆಮ್ಮಿ, ಕಡೆಗೆ ಸುಮ್ಮನಾಯಿತು. ಪರದೆಯ ಮೇಲೆ ಪಾಠ ಒಂದು ಮೂಡಿತು. ಶ್ರೀಕಂಠಯ್ಯನವರಿಗೆ ಗಟ್ಟಿಯಾಗಿ ಓದದಿದ್ದರೆ ತಲೆಗೆ ಹತ್ತುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಒಂದು ಸಲ ಓದಿ, ತಮಗೆ ತಾವೇ ಕನ್ನಡದಲ್ಲಿ ಬಿಡಿಸಿ ಹೇಳಿಕೊಂಡರು. “ಇದು ಮೌಸು. ಇದಕ್ಕೆ ಎರಡು ಗುಂಡಿ. ಎಡಗಡೆ ಗುಂಡಿ ಒಂದು ಸಲ ಒತ್ತಿದರೆ ಆಯ್ಕೆ, ಎರಡು ಸಲ ಒತ್ತಿದರೆ ತೆರೆಯುತ್ತದೆ…”

ಪರದೆ ಬೆಳ್ಳಗಾಯಿತು. ತಿರುಗಿ ನೋಡಿದರೆ ರಮಾಮಣಿ ರಿಸೀವರ್ ಹಿಡಿದು ನಿಂತಿದ್ದರು.

“ರಮಾ! ಹೇಳಿರ್ಲಿಲ್ವಾ?”

“ನಮ್ಮಕ್ಕಂಗೆ ಒಂದೇ ನಿಮಿಷ ಅಂದ್ರೆ. ಇವತ್ತು ನಮ್ಮನೆಗೆ ಫೋನ್ ಮಾಡ್ಬೇಡ ಅಂತ ಹೇಳೋಣ ಅಂತ ಎತ್ತಿದೆ.”

ಮತ್ತೆ ಬೆಕ್ಕು ಕಿರುಚಿತು. ಮಧ್ಯದಲ್ಲಿ ತಂತಿ ಕಡಿದರೆ ಮತ್ತೆ ಪಾಠ ಒಂದರಿಂದಲೇ ಓದಿಸುವ ಹಟ ಅದಕ್ಕೆ. “ಇದು ಮೌಸು. ಇದಕ್ಕೆ ಎರಡು ಗುಂಡಿ…”

ಮೂರನೆಯ ಪಾಠಕ್ಕೆ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಆಂಜನಮ್ಮನವರ ಕಾಲ್ಗಡಗದ ಸದ್ದು ಕೇಳಿತು.

“ಏನ್ ಸಾಮೇರೇ, ಫೋನ್ಗೆ ಏನ್ ಬಂದೈತೆ? ನಮ್ ಸುಕನ್ಯಂಗೆ ಕೋಲಾರದಿಂದ ಗಂಡಿನ ಕಡೇರು ಇವತ್ತು ಹೂಂ ಅಂತಾರೋ ಊಹೂಂ ಅಂತಾರೋ ಹೇಳ್ಬೇಕು. ನಾನೇ ಬೂತ್‌ಗೆ ಹೋಗಿ ಮಾಡ್ ನೋಡ್ದೆ, ಕುಯ್ ಕುಯ್ ಅಂತೈತೆ!”

“ಆಂಜನಮ್ಮಾ, ಮುಟ್ಬೇಡಿ…”

ಅಷ್ಟರಲ್ಲಿ ರಿಸೀವರು ಅವರ ಕಿವಿಯಲ್ಲಿತ್ತು. ಮರುಕ್ಷಣ ಅದನ್ನು ಬಿಸಿ ಪಾತ್ರೆಯಂತೆ ಕೆಳಗೆ ಹಾಕಿದರು. “ಅಯ್ಯೋ ನಮ್ಮಪ್ಪಾ! ಇದ್ರೊಳಗೆ ಯಾರೋ ಹಲ್ಲು ಕಡೀತಾವ್ರೆ!”

ಪರದೆ ಬೆಳ್ಳಗಾಯಿತು. ಇದು ಮೌಸು. ಇದಕ್ಕೆ ಎರಡು ಗುಂಡಿ.

ಆಂಜನಮ್ಮ ಹೋಗಲಿಲ್ಲ. ಗಂಡಿನ ಕಡೆಯವರ ಉತ್ತರ ಬರುವ ತನಕ ಫೋನಿನ ಪಕ್ಕದಲ್ಲೇ ಇರುತ್ತೇನೆಂದು ಮೊರದಲ್ಲಿ ಅವರೆಕಾಯಿ ತಂದು ಕೂತರು. ಕೂತವರು ಸುಮ್ಮನಿರುತ್ತಾರೆಯೇ? “ಸಾಮೇರೇ, ಆಗ್ಲೇ ಎರಡ್ ಗುಂಡಿ ಅಂದ್ರಿ, ಬಲಗಡೇದು ಯಾತಕ್ಕೆ ಅಂತ ಹೇಳ್ಳೇ ಇಲ್ಲ” ಎಂದು ತಗಾದೆ ತೆಗೆದರು. ಶ್ರೀಕಂಠಯ್ಯನವರು ಹಲ್ಲು ಕಚ್ಚಿಕೊಂಡು ಅದನ್ನೂ ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ಪಾಠ ಏಳಕ್ಕೆ ಬಂದಿದ್ದಾಗ ಉಮ್ಮೆ ಕುಲ್ಸುಂ ಬಂದರು. ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುವ ಅವರ ಕೊರಳಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು. ದಮ್ಮಾಮಿನಲ್ಲಿರುವ ಅಣ್ಣ ಫೋನ್ ಮಾಡುವ ಹೊತ್ತು ಅದು. ಅವರು ಯಾರನ್ನೂ ಕೇಳಲಿಲ್ಲ, ಸೀದಾ ಎತ್ತಿ, “ಹಲೋ, ಭಾಯ್‌ಜಾನ್!” ಎಂದರು. ಸ್ವಲ್ಪ ಹೊತ್ತು ಕೇಳಿಸಿಕೊಂಡು, “ಗಂಟಲು ಕಟ್ಟಿದ್ಯಾ ಭಾಯ್‌ಜಾನ್? ಬಿಸಿನೀರು ಕುಡಿಯೋ” ಎಂದು ಕನಿಕರಿಸಿದರು.

“ಅದು ನಿಮ್ಮಣ್ಣ ಅಲ್ರೀ, ಮೋಡೆಮ್ಮು!” ಶ್ರೀಕಂಠಯ್ಯನವರು ತಲೆ ಹಿಡಿದುಕೊಂಡರು.

ಅವರು ತಲೆಯಿಂದ ಕೈ ತೆಗೆಯುವ ಮೊದಲೇ ಫೋನು ನಿಜವಾಗಿ ಗಂಟೆ ಬಾರಿಸಿತು. ಉಮ್ಮೆ ಕುಲ್ಸುಂ ಮತ್ತೆ ಎತ್ತಿದರು. ಕೇಳುತ್ತಾ ಕೇಳುತ್ತಾ ಅವರ ಮುಖ ಕೆಂಪಾಯಿತು. “ಥೂ, ಕೆಟ್ಟ ಬಾಯಿಯವನೇ, ನಿನ್ನ ನಾಲಗೆಗೆ ಹುಳ ಬೀಳ! ಒಬ್ಬ ದೊಡ್ಡ ಮನುಷ್ಯ ಕಷ್ಟಪಟ್ಟು ಓದ್ತಾ ಇದ್ರೆ ಹೀಗಾ ಅನ್ನೋದು? ನಿನ್ನ ಖಾನ್ದಾನೇ ಫೇಲಾಗ!” ಎಂದು ದಡ್ಡೆಂದು ಇಟ್ಟರು.

“ಯಾರ್ರೀ ಅದು?”

“ಯಾರೋ ಗಂಡಸು ಸಾಬ್. ಹಿಂದೆ ಬರೀ ಬಸ್ಸಿನ ಗಲಾಟೆ. ‘ಶ್ರೀಕಂಠಯ್ಯಂಗೆ ಫೇಲಾಗೋಕ್ ಹೇಳಿ, ಫೇಲಾಗೋಕ್ ಹೇಳಿ’ ಅಂತ ಕಿರುಚ್ತಾನೆ. ನಿಮಗೆ ದುಶ್ಮನ್ ಇದಾರೆ ಸಾಬ್.”

ಶ್ರೀಕಂಠಯ್ಯನವರು ಕಚೇರಿಯಲ್ಲಿ ತಮಗೆ ಆಗದವರು ಯಾರೆಂದು ಎಣಿಸತೊಡಗಿದರು. ಆಂಜನಮ್ಮ ಎಣಿಸುತ್ತಾ ಕೂರುವವರಲ್ಲ. “ಕಣ್ ಬಿದ್ದೈತೆ. ಅದಕ್ಕೇ ಬೆಳಿಗ್ಗಿಂದ ಕಟ್ಟಾಯ್ತಾ ಐತೆ” ಎಂದವರೇ ಅಡುಗೆಮನೆಯಿಂದ ಉಪ್ಪು, ಒಣಮೆಣಸಿನಕಾಯಿ ತಂದು, ಶ್ರೀಕಂಠಯ್ಯನವರಿಗೂ ಕಂಪ್ಯೂಟರಿಗೂ ಒಟ್ಟಿಗೆ ದೃಷ್ಟಿ ತೆಗೆದು, ರಮಾಮಣಿಯ ಇದ್ದಿಲೊಲೆಗೆ ಸುರಿದರು. ಘಾಟಿಗೆ ಮನೆಯೆಲ್ಲ ಕೆಮ್ಮಿತು. ಶ್ರೀಕಂಠಯ್ಯನವರ ಕಣ್ಣಲ್ಲಿ ಧಾರಾಕಾರ ನೀರು. ಕಂಪ್ಯೂಟರೊಂದೇ ಕೆಮ್ಮದೆ ಕೂತಿತ್ತು.

ಗಡಿಯಾರ ಮೂರರತ್ತ ಸರಿಯುತ್ತಿತ್ತು. ಶ್ರೀಕಂಠಯ್ಯನವರಿಗೆ ಜೀವನದಲ್ಲಿ ಮೊದಲ ಸಲ ರೋಷ ಬಂತು.

“ಎಲ್ಲರೂ ಇಲ್ಲಿ ಬನ್ನಿ!” ಎಂದು ಗುಡುಗಿದರು. ರಮಾಮಣಿ ಗಾಬರಿಯಿಂದ ಸೌಟಿನ ಸಮೇತ ಬಂದರು. “ಕೂತ್ಕೊಳ್ಳಿ, ನನ್ನ ಕಣ್ಣೆದುರಿಗೆ. ಪರೀಕ್ಷೆ ಮುಗಿಯೋವರೆಗೂ ಯಾರೂ ಏಳೋ ಹಾಗಿಲ್ಲ. ಕೈಗಳು ತೊಡೆ ಮೇಲಿರ್ಲಿ!”

ಮೂವರು ಹೆಂಗಸರೂ ಚಾಪೆಯ ಮೇಲೆ ಸಾಲಾಗಿ ಕೂತರು, ಒಂದನೇ ಕ್ಲಾಸಿನ ಮಕ್ಕಳ ಹಾಗೆ. ಮತ್ತೊಮ್ಮೆ ಬೆಕ್ಕು ಕಿರುಚಿತು. ಶ್ರೀಕಂಠಯ್ಯನವರು ಬಾಯಿ ತೆರೆಯುವುದಕ್ಕೂ ಮುಂಚೆ ಚಾಪೆಯಿಂದ ಒಂದೇ ರಾಗದಲ್ಲಿ ಬಂತು: “ಇದು ಮೌಸು! ಇದಕ್ಕೆ ಎರಡು ಗುಂಡಿ!”

ಈ ಸಲ ಯಾರೂ ಫೋನ್ ಮುಟ್ಟಲಿಲ್ಲ. ಪಾಠಗಳು ಹಳಿ ಮೇಲಿನ ರೈಲಿನಂತೆ ಓಡಿದವು. ಪರೀಕ್ಷೆ ಬಂತು. ಪರೀಕ್ಷೆ ಬಂದದ್ದೇ ಶ್ರೀಕಂಠಯ್ಯನವರ ತಲೆ ತೊಳೆದಿಟ್ಟ ಸ್ಲೇಟಿನಂತಾಯಿತು.

“ತಪ್ಪಿ ಬಿಸಾಕಿದ ಫೈಲು ಎಲ್ಲಿ ಸಿಗುತ್ತದೆ… ಎಲ್ಲಿ? ಬಿಸಾಕಿದ ಮೇಲೆ ಹೋಯ್ತು ಅಷ್ಟೇ” ಎನ್ನುತ್ತಾ ‘ಎಲ್ಲೂ ಸಿಗುವುದಿಲ್ಲ’ ಎಂಬುದರ ಕಡೆ ಮೌಸು ಒಯ್ದರು.

“ಆ ಕಸದ ಬುಟ್ಟಿ ಸಾಮೇರೇ! ಹತ್ ಸಲ ನೀವೇ ಬಡ್ಕೊಂಡ್ರಿ!” ಆಂಜನಮ್ಮ ಅವರೆಕಾಯಿಯ ಕೈಯಲ್ಲೇ ಪರದೆ ತೋರಿಸಿದರು.

“ಕಟ್ ಮಾಡಿ ಪೇಸ್ಟ್ ಮಾಡಿದ್ರೆ ಮೊದಲಿದ್ದ ಜಾಗದಲ್ಲಿ ಉಳಿಯುತ್ತಾ?”

“ಹೆಂಗೆ ಉಳಿಯುತ್ತೆ ಸಾಬ್? ಕತ್ತರಿಸಿ ಆಯ್ತಲ್ಲ. ಇದನ್ನೂ ಟೈಲರ್‌ಗೆ ಕೇಳ್ಬೇಕಾ?” ಉಮ್ಮೆ ಕುಲ್ಸುಂ ನಕ್ಕರು.

ಸೇವ್ ಮಾಡುವ ಬಗ್ಗೆ ಆಂಜನಮ್ಮನಿಗೂ ರಮಾಮಣಿಗೂ ಸಣ್ಣ ಜಗಳವೇ ಆಗಿ, ರಮಾಮಣಿ ಗೆದ್ದರು. ಕಡೆಯ ಪ್ರಶ್ನೆಗೆ ಶ್ರೀಕಂಠಯ್ಯನವರು ತಮ್ಮದೇ ಒಂದು ಉತ್ತರ ಹಾಕುತ್ತೇನೆಂದು ಹೊರಟಾಗ ಮೂವರೂ ಸೇರಿ, “ಬೇಡ!” ಎಂದರು.

ಒತ್ತಿದರು. ಕಾದರು. ಪರದೆಯ ಮೇಲೆ ಬಣ್ಣದ ಅಂಚಿನ ಸರ್ಟಿಫಿಕೇಟು ಮೇಲಿಂದ ಗೆರೆಗೆರೆಯಾಗಿ ಇಳಿಯಿತು. ನೂರಕ್ಕೆ ನೂರು.

ಶ್ರೀಕಂಠಯ್ಯನವರು ಕುರ್ಚಿಯಿಂದ ಎದ್ದು ಮತ್ತೆ ಕೂತರು. ಯಾದಗಿರಿ ಎಂಬ ಬಂಡೆ ಎದೆಯ ಮೇಲಿಂದ ಉರುಳಿ ಹೋಯಿತು. ರಮಾಮಣಿ ಎಲ್ಲರಿಗೂ ಸಜ್ಜಿಗೆ ಬಡಿಸಿದರು. “ನಾವೂ ಪಾಸಾದ್ವಿ ಅಲ್ವಾ ಸಾಬ್?” ಎಂದು ಉಮ್ಮೆ ಕುಲ್ಸುಂ ಕೇಳಿದರೆ, “ಮತ್ತೆ! ಫಸ್ಟ್ ಕ್ಲಾಸು” ಎಂದು ಶ್ರೀಕಂಠಯ್ಯನವರು ಉದಾರವಾಗಿ ಹಂಚಿದರು. ಇಂಟರ್‌ನೆಟ್ಟನ್ನು ಶಾಸ್ತ್ರೋಕ್ತವಾಗಿ ನಿಲ್ಲಿಸಿದರು. ಫೋನು ಬಿಡುಗಡೆಯಾಯಿತು.

ಆಗ ಭಗವಂತರಾಯರು ಬಂದರು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

“ಬರೆದ್ಬಿಟ್ರಾ?”

“ಬರೆದೆ! ನೂರಕ್ಕೆ ನೂರು!”

ಭಗವಂತರಾಯರು ಹೊಸ್ತಿಲ ಮೇಲೇ ಕೂತುಬಿಟ್ಟರು. “ಹಾಳಾಯ್ತು. ರೀ, ಬೆಳಿಗ್ಗೆ ಹೆಡ್ಡಾಫೀಸಿಂದ ಪಕ್ಕಾ ಗೊತ್ತಾಯ್ತು. ಕಳಿಸೋದು ಫೇಲಾದೋರನ್ನಲ್ಲ, ಪಾಸಾದೋರನ್ನ! ಯಾದಗಿರಿಲಿ ಹೊಸಾ ಕಂಪ್ಯೂಟರ್ ಬ್ರಾಂಚು. ಅಲ್ಲಿನೋರಿಗೆ ಕಲಿಸೋಕೆ ಬುದ್ಧಿವಂತರು ಬೇಕಂತೆ. ಫೇಲಾದೋರಿಗೆ ಇಲ್ಲೇ, ಬೆಂಗಳೂರಲ್ಲೇ ಮತ್ತೆ ಟ್ರೈನಿಂಗು. ನಾನು ಕಣ್ಮುಚ್ಚಿ ಒತ್ತಿದೆ, ಚೆನ್ನಾಗಿ ಫೇಲಾದೆ. ನಿಮಗೆ ಹೇಳೋಣ ಅಂತ ಕುಕ್ ಟೌನ್ ಬೂತಲ್ಲಿ ಬೆಳಿಗ್ಗಿಂದ ನಿಂತಿದ್ದೀನಿ, ಎಂಗೇಜು, ಎಂಗೇಜು! ಈಗ ಬಿಡ್ತೀರಿ, ಆಮೇಲೆ ಬಿಡ್ತೀರಿ ಅಂತ ಕಾದೆ. ಒಂದೇ ಸಲ ಸಿಕ್ಕಿದ್ದು. ಯಾರೋ ಹೆಂಗಸು ನನ್ನ ಖಾನ್ದಾನನ್ನೇ ಬೈದು ಇಟ್ಟಳು.”

ಉಮ್ಮೆ ಕುಲ್ಸುಂ ಸೆರಗಿನ ಅಂಚನ್ನು ಬಹಳ ಗಮನವಿಟ್ಟು ನೋಡತೊಡಗಿದರು.

“ಈಗ… ಏನ್ಮಾಡೋದು?” ಶ್ರೀಕಂಠಯ್ಯನವರ ಕೈಯಲ್ಲಿ ಸಜ್ಜಿಗೆ ತಟ್ಟೆ ವಾಲಿತ್ತು.

“ಏನ್ಮಾಡ್ತೀರಿ? ಪಾಸಾದೋರಿಗೆ ಇವತ್ತು ಸಂಜೇನೇ ಫೋನ್ ಮಾಡಿ, ಯಾವತ್ತು ಹೊರಡ್ತೀರಿ ಅಂತ ಕೇಳ್ತಾರಂತೆ.”

ಆಂಜನಮ್ಮ ಮೆಲ್ಲಗೆ, “ಸಾಮೇರೇ, ತಪ್ ತಿಳ್ಕೋಬೇಡಿ… ನೀವು ಹೋದ್ರೂವೆ ಫೋನ್ ಇಲ್ಲೇ ಬಿಟ್ಟೋಯ್ತೀರಲ್ವಾ?” ಎಂದರು.

ಅದಕ್ಕೆ ಉತ್ತರವೋ ಎಂಬಂತೆ ಫೋನು ಹೊಡೆದುಕೊಳ್ಳತೊಡಗಿತು.

ಆಂಜನಮ್ಮನವರ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು. ಕೋಲಾರವೂ ಇರಬಹುದಿತ್ತು. ಯಾದಗಿರಿಯೂ ಇರಬಹುದಿತ್ತು. ಕೈ ಹಿಂದೆ ಬಂದು ಅವರೆಕಾಯಿಯ ಮೊರ ಸೇರಿತು. ಉಮ್ಮೆ ಕುಲ್ಸುಂ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಮಧ್ಯಾಹ್ನ ಹೇಳಿದ ಹಾಗೇ ಕೂತರು. ರಮಾಮಣಿಗೆ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಯಿತು. ಭಗವಂತರಾಯರು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕಿದರು.

ಬೆಳಿಗ್ಗೆ ಒರೆಸಿಟ್ಟ ರಿಸೀವರು ಮತ್ತೆ ಎಣ್ಣೆಯಿಂದ ಫಳಫಳ ಹೊಳೆಯುತ್ತಾ, ಗಂಟೆಯ ರಭಸಕ್ಕೆ ಅದುರುತ್ತಿತ್ತು. ಶ್ರೀಕಂಠಯ್ಯನವರು ಒಬ್ಬೊಬ್ಬರ ಮುಖವನ್ನೂ ನೋಡಿದರು.

“ಯಾರಾದ್ರೂ ಒಬ್ರು ಆ ಫೋನ್ ಎತ್ರೀ” ಎಂದರು.