ಆಧಾರಪ್ಪ ನೆಟ್ಟ ಕೈಮರ

"ಕಾಲೆರಡು, ತಲೆಯೊಂದು. ಬೆಟ್ಟದ ನೆತ್ತಿಯ ಮೇಲೆ ನಡೆಯುವ ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನ ಸಲಕರಣೆ ಬೇಕಿಲ್ಲ" ಎಂದು ಘೋಷಿಸಿದ ಆಧಾರಪ್ಪ, ಎಲ್ಲರ ಫೋನುಗಳನ್ನೂ ವಸೂಲು ಮಾಡಿ ಕಾರಿನ ಡ್ಯಾಶ್‌ಬೋರ್ಡಿನ ಗೂಡಿನೊಳಗೆ ಹಾಕಿ ಮುಚ್ಚಿದ.

ಆಧಾರಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಯಾರು ಏನೇ ಹೇಳಲಿ, "ಅದಕ್ಕೆ ಆಧಾರ ಏನಪ್ಪಾ?" ಎಂದು ಕೇಳಿ ಕೇಳಿ ಸಂಪಾದಿಸಿದ ಬಿರುದು. ವೃತ್ತಿಯಲ್ಲಿ ಅವನು ತೂಕದ ಯಂತ್ರಗಳ ಪರೀಕ್ಷಕ. ಔಷಧದಂಗಡಿಯ ಪುಟ್ಟ ತಕ್ಕಡಿಯಿಂದ ಲಾರಿ ತೂಗುವ ಕಟ್ಟೆಯವರೆಗೆ ಎಲ್ಲವನ್ನೂ ಅನುಮಾನಿಸುವುದಕ್ಕೇ ಅವನಿಗೆ ಸಂಬಳ. ಮನೆಗೆ ಬಂದ ಮೇಲೆ ವಿಜ್ಞಾನದ ಪುಸ್ತಕ ಹಿಡಿದು ಅದೇ ಅನುಮಾನವನ್ನು ಸಂಬಳವಿಲ್ಲದೆ ಮುಂದುವರಿಸುತ್ತಿದ್ದ.

ಕಾರು ನಡೆಸುತ್ತಿದ್ದವಳು ಅವನ ಹೆಂಡತಿ. ಹಿಂದಿನ ಸೀಟಿನಲ್ಲಿ ಅವಳ ತಮ್ಮ ಅರೆನಿದ್ದೆಯಲ್ಲಿದ್ದ. ಪಕ್ಕದಲ್ಲಿ ಊರಿಗೆ ಹೊಸಬನಾದ ಗೆಳೆಯ, ದಂತವೈದ್ಯ. ಗಂಡಸರು ಮೂವರೂ ಬೆಟ್ಟಸಾಲಿನ ಮೇಲೆ ನಡೆದು, ಸಂಜೆಯೊಳಗೆ ಸರೋವರದ ಆಚೆ ತುದಿಯ ಸಭಾಭವನಕ್ಕೆ ಇಳಿಯಬೇಕು. ಅಲ್ಲಿ ಅವಳ ನಾಟಕ. ಜೀವಮಾನದಲ್ಲಿ ಮೊದಲ ಬಾರಿಗೆ ಬಣ್ಣ ಹಚ್ಚುತ್ತಿದ್ದವಳು ತಿಂಗಳುಗಟ್ಟಲೆ ಅಡುಗೆಮನೆಯಲ್ಲಿ ಮಾತು ಒಪ್ಪಿಸಿಕೊಂಡಿದ್ದಳು.

"ಮುಂದಿನ ಸಾಲಲ್ಲಿ ನಿಮಗೊಂದು ಕುರ್ಚಿ ಹಿಡಿದಿಟ್ಟಿದೀನಿ. ಅದು ಖಾಲಿ ಇದ್ರೆ ನಂಗೆ ಮಾತೇ ಮರೆತುಹೋಗುತ್ತೆ. ಬರ್ತೀರಲ್ಲ?"

"ಹೂಂ" ಎಂದ ಆಧಾರಪ್ಪ, ಹಿಮಯುಗದಲ್ಲಿ ಸರೋವರಗಳು ಹುಟ್ಟಿದ ಬಗೆಯನ್ನು ದಂತವೈದ್ಯನಿಗೆ ವಿವರಿಸುತ್ತಾ.

"ಹಳೇ ದೋಣಿಕಟ್ಟೆ ರಸ್ತೆ ಅಗೆದುಹಾಕಿದಾರೆ. ಹೊಸ ಕಟ್ಟೆ ಹತ್ರ ಇಳಿಸ್ತೀನಿ. ಕೇಳಿಸ್ತಾ?"

"ಹೂಂ."

ಒಪ್ಪಿಗೆಗೂ ತೂಕಡಿಕೆಗೂ ಒಂದೇ ಉತ್ಸಾಹದಿಂದ ದುಡಿಯುವ ಅಕ್ಷರ ಅದು. ಎಲ್ಲದಕ್ಕೂ ಆಧಾರ ಕೇಳುವ ಮನುಷ್ಯ ಯಾವ ಆಧಾರವೂ ಇಲ್ಲದೆ ಬಳಸುತ್ತಿದ್ದದ್ದು ಅದನ್ನೊಂದೇ. ಕಾರಿನಿಂದ ಇಳಿದಾಗಲೂ ಅವನ ವಿವರಣೆ ನಿಂತಿರಲಿಲ್ಲ. ಹಿಮಯುಗದ ನಟ್ಟನಡುವೆ ನಿಂತವನಿಗೆ ಕಟ್ಟೆ ಹಳೆಯದೋ ಹೊಸದೋ ಕಾಣುವುದಾದರೂ ಹೇಗೆ?

ಬೆಟ್ಟದ ನೆತ್ತಿಯ ಮೇಲೆ ಗಾಳಿ ಮಾತನ್ನು ಬಾಯಿಂದಲೇ ಕಸಿದುಕೊಳ್ಳುತ್ತಿತ್ತು. ಕೆಳಗೆ ಸರೋವರ ಒಮ್ಮೆ ಎಡಕ್ಕೆ ಹೊಳೆದು, ಒಮ್ಮೆ ಬಂಡೆಗಳ ಹಿಂದೆ ಅಡಗಿ, ಯಾರ ವಿವರಣೆಗೂ ಕಾಯದೆ ಮಲಗಿತ್ತು. ಆಧಾರಪ್ಪನೂ ವಿವರಣೆ ಬಿಟ್ಟು ಬಂಡೆಯೊಂದರ ಮೇಲೆ ಕೂತು ನೋಡಿದ. ಇಷ್ಟು ಹಳೆಯ ನೀರಿನ ಮುಂದೆ ತನ್ನ ನಲವತ್ತೈದು ವರ್ಷ ಯಾವ ತಕ್ಕಡಿಯ ಮುಳ್ಳನ್ನೂ ಅಲುಗಿಸದ ತೂಕ ಎನಿಸಿತು; ಆ ಅನಿಸಿಕೆ ಹಿತವಾಗಿಯೂ ಇತ್ತು.

ದಾರಿ ಕವಲೊಡೆಯುವಲ್ಲಿ ಕೈಮರ ಕಿತ್ತು ಹುಲ್ಲಿನಲ್ಲಿ ಬಿದ್ದಿತ್ತು. ಅದಕ್ಕೆ ಮೂರು ಕೈ: ಹಳೆ ಕಟ್ಟೆ, ಹೊಸ ಕಟ್ಟೆ, ಸಭಾಭವನ. ಎದುರಿಗೆ ಕವಲುಗಳೆರಡು.

"ಈಗೇನ್ಮಾಡೋದು?" ಎಂದ ದಂತವೈದ್ಯ.

ಆಧಾರಪ್ಪನ ಮುಖ ಅರಳಿತು. "ಬಹಳ ಸುಲಭ. ನಾವು ಬಂದ ಜಾಗ ನಮಗೆ ಗೊತ್ತು. ಆ ಹೆಸರಿರೋ ಕೈಯನ್ನ ಬಂದ ದಾರಿಗೆ ತಿರುಗಿಸಿ ನೆಟ್ಟರೆ, ಉಳಿದ ಎರಡೂ ತಾವಾಗೇ ಸರಿಯಾಗ್ತವೆ. ತರ್ಕ ಅಂದ್ರೆ ಇದು."

"ಬಂದಿದ್ದು ಎಲ್ಲಿಂದ?"

"ಹಳೇ ಕಟ್ಟೆಯಿಂದ. ಪ್ರತಿ ವರ್ಷ ಅಲ್ಲಿಂದ್ಲೇ ಅಲ್ವಾ?"

ಮೈದುನ ತಲೆ ಕೆರೆದುಕೊಂಡ. "ಅಕ್ಕ ಹೊಸ ಕಟ್ಟೆ ಅಂದ ಹಾಗಿತ್ತು, ಭಾವ."

"ನೀನು ನಿದ್ದೆಯಲ್ಲಿದ್ದೆ."

"ಅರ್ಧ ಎಚ್ಚರ ಇತ್ತು."

"ಅರ್ಧ ಎಚ್ಚರದ ಸಾಕ್ಷಿ ಯಾವ ಕೋರ್ಟಲ್ಲೂ ನಡೆಯಲ್ಲ. ಹಿಡಿ ಆ ಕಡೆ."

ಕಂಬ ಎದ್ದು ನಿಂತಿತು. ಮೈದುನ ಬುಡಕ್ಕೆ ಕಲ್ಲು ಜಡಿಯುವಾಗ ಆಧಾರಪ್ಪ ಅದನ್ನು ತಬ್ಬಿಕೊಂಡಿದ್ದ. "ಅಂತೂ ಕಂಬಕ್ಕೊಂದು ಆಧಾರ ಸಿಕ್ತು" ಎಂದ ದಂತವೈದ್ಯ. ಮುಂದೆ ಬರುವ ಪಾದಚಾರಿಗಳ ಕೃತಜ್ಞತೆಯನ್ನು ಮನಸ್ಸಿನಲ್ಲೇ ಸ್ವೀಕರಿಸಿ, ಸಭಾಭವನದ ಕೈ ತೋರಿಸಿದ ಕವಲಿನಲ್ಲಿ ಆಧಾರಪ್ಪ ತಂಡವನ್ನು ಇಳಿಸಿದ.

ಇಳಿದಲ್ಲಿ ಸಭಾಭವನವಿರಲಿಲ್ಲ. ಅಗೆದ ರಸ್ತೆಯಿತ್ತು, ಬುಡ ಮೇಲಾದ ಒಂದು ಮುರುಕು ದೋಣಿಯಿತ್ತು, "ಹಳೆ ದೋಣಿಕಟ್ಟೆ" ಎಂಬ ಹಲಗೆಯಿತ್ತು.

"ಹೊರಟಲ್ಲಿಗೇ ವಾಪಸ್ಸು ಬಂದ್ವಾ?" ದಂತವೈದ್ಯ ಕೇಳಿದ.

"ಬೆಳಗ್ಗೆ ಈ ಮುರುಕು ದೋಣಿ ನೋಡಿದ್ರಾ, ಭಾವ?"

ಆಧಾರಪ್ಪ ನೋಡಿರಲಿಲ್ಲ; ಅವರು ಹೊರಟದ್ದು ಹೊಸ ಕಟ್ಟೆಯಿಂದಲೇ. ಅವನ ವೃತ್ತಿಯ ಮೊದಲ ಪಾಠವೇ ತೂಗುವ ಮುನ್ನ ಮುಳ್ಳು ಸೊನ್ನೆಯ ಮೇಲಿದೆಯೇ ಎಂದು ನೋಡುವುದು. ಜಗತ್ತಿನ ತಕ್ಕಡಿಗಳನ್ನೆಲ್ಲ ಅನುಮಾನಿಸಿದವನು ತಾನು ಹೊರಟ ಸೊನ್ನೆಯನ್ನು ಅನುಮಾನಿಸಿರಲಿಲ್ಲ. ಆದರೆ ಅವನಿಗೆ ಚಿಂತೆಯಾದದ್ದು ತರ್ಕ ಕೆಟ್ಟಿತೆಂದಲ್ಲ. ಮುಂದಿನ ಸಾಲಿನ ಕುರ್ಚಿಯೊಂದು ಕಣ್ಣ ಮುಂದೆ ಬಂದು ನಿಂತಿತ್ತು.

ಅಷ್ಟರಲ್ಲಿ ಹಿಂದಿನಿಂದ ವಯಸ್ಸಾದ ದಂಪತಿ ಇಳಿದು ಬಂದರು. "ಸಭಾಭವನ ಇಲ್ಲೇನಾ? ಮೇಲೆ ಕೈಮರ ಹೀಗೇ ತೋರಿಸ್ತಿತ್ತು. ಎಷ್ಟು ಗಟ್ಟಿಯಾಗಿ ನೆಟ್ಟಿದಾರೆ, ಪುಣ್ಯಾತ್ಮರು."

ಪುಣ್ಯಾತ್ಮ ಬೂಟಿನ ದಾರ ಕಟ್ಟಿಕೊಳ್ಳುವ ನೆಪದಲ್ಲಿ ಬಗ್ಗಿದ.

ದಡದಲ್ಲಿ ಬಾಡಿಗೆಗೆ ಸಿಕ್ಕಿದ್ದು ಮಕ್ಕಳು ತುಳಿದು ಆಡುವ, ಹಂಸದ ಆಕಾರದ ದೋಣಿಯೊಂದೇ. ದಂಪತಿಯನ್ನೂ ದಂತವೈದ್ಯನನ್ನೂ ಹಿಂದೆ ಕೂರಿಸಿ, ಭಾವ ಮೈದುನರು ಮುಂದೆ ಕೂತು ತುಳಿದರು. ಐವರ ಭಾರಕ್ಕೆ ಹಂಸ ಬಾತುಕೋಳಿಯಂತೆ ಕುಂಡೆ ತಗ್ಗಿಸಿ, ಆಕಾಶ ನೋಡುತ್ತಾ ತೆವಳಿತು.

ಸಭಾಭವನದ ದೀಪಗಳು ಕಾಣುವಷ್ಟು ಹತ್ತಿರ ಬಂದಾಗ ತೆರೆದ ಕಿಟಕಿಯಿಂದ ಒಂದು ಹೆಣ್ಣುದನಿ ನೀರಿನ ಮೇಲೆ ತೇಲಿ ಬಂತು. ಸಂಜೆಯ ತಂಪು ನೀರಿನ ಮೇಲೆ ಶಬ್ದ ದೂರ ಸಾಗುತ್ತದೆಂದು ಆಧಾರಪ್ಪ ಓದಿ ಬಲ್ಲ. ಆದರೆ ಆ ಮಾತು ಅವಳ ಪಾತ್ರದ್ದೋ ಇನ್ನಾರದ್ದೋ ಎಂದು ಅವನಿಗೆ ತಿಳಿಯಲಿಲ್ಲ. ತಿಂಗಳುಗಟ್ಟಲೆ ಅದಕ್ಕೇ ಹೂಂ ಎಂದವನು.

"ಅಕ್ಕಾನೇ" ಎಂದ ಮೈದುನ, ತುಳಿಯುವುದನ್ನು ನಿಲ್ಲಿಸಿ.

ಚಪ್ಪಾಳೆ ಕೇಳಿಸಿತು. ಹಂಸ ಇನ್ನೂ ದಡ ಮುಟ್ಟಿರಲಿಲ್ಲ.

ಬಣ್ಣದ ಕೋಣೆಯಲ್ಲಿ ಅವಳು ಕನ್ನಡಿಯ ಮುಂದೆ ಕೂತು ಹತ್ತಿಯಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಸಿಟ್ಟಿನ ಸುಳಿವೂ ಇರಲಿಲ್ಲ; ಅದೇ ಅವನನ್ನು ಹೆಚ್ಚು ಹೆದರಿಸಿತು.

"ಮಾತು... ಮರೆತುಹೋಯ್ತಾ?"

"ಇಲ್ಲ. ಖಾಲಿ ಕುರ್ಚಿ ನೋಡಿ ಮೊದಲು ಗಾಬರಿಯಾಯ್ತು. ಆಮೇಲೆ ಮನೇಲಿ ಒಪ್ಪಿಸ್ತಿದ್ದ ಹಾಗೇ ಇದೆಯಲ್ಲ ಅನ್ನಿಸ್ತು. ಸರಾಗವಾಗಿ ಬಂತು."

ಆಧಾರಪ್ಪ ಪಕ್ಕದ ಕುರ್ಚಿ ಎಳೆದುಕೊಂಡು ಮೊದಲಿನಿಂದ ಹೇಳತೊಡಗಿದ. ಕೈಮರ ಬಿದ್ದದ್ದು, ತರ್ಕದಲ್ಲಿ ಎಳ್ಳಷ್ಟೂ ದೋಷವಿಲ್ಲದ್ದು, ಸೊನ್ನೆ ಮಾತ್ರ ತಪ್ಪಿದ್ದು, ಹಂಸ ತುಳಿದದ್ದು. ಇನ್ನು ಮೇಲೆ ಅವಳು ಹೇಳುವ ಪ್ರತಿಯೊಂದು ಮಾತನ್ನೂ ಕಿವಿಗೊಟ್ಟು ಕೇಳುವೆನೆಂದು ಮನಸಾರೆ ಹೇಳಿದ.

ಅವಳು ಕನ್ನಡಿಗೆ ಇನ್ನಷ್ಟು ಹತ್ತಿರ ಬಾಗಿ, ಹುಬ್ಬಿನ ಮೇಲಿನ ಬಣ್ಣವನ್ನು ನಿಧಾನವಾಗಿ ಒರೆಸಿಕೊಂಡಳು.

"ಹೂಂ" ಎಂದಳು.

ಅದಕ್ಕೆ ಆಧಾರ ಕೇಳುವ ಧೈರ್ಯ ಅವನಿಗೆ ಬರಲಿಲ್ಲ.