ಮರ್ಯಾದೆಗೆ ಒಂದು ಓಟು

"ಬಿಡು ಅತ್ತೆ, ಚಕ್ರ ಕಿತ್ತುಬರುತ್ತೆ," ಎಂದು ಬೌರೊ ಸೈಕಲ್ಲನ್ನು ಹಿಂದಕ್ಕೆಳೆದ.

ತೆಬೋರ ಅತ್ತೆ ಹ್ಯಾಂಡಲ್ ಬಿಡಲಿಲ್ಲ. "ಬುಬುತಿ ಅಂತ ಕೇಳಿದೀನಪ್ಪ. ಇಲ್ಲ ಅಂತೀಯಾ?"

ಬೌರೊ ಕೈಬಿಟ್ಟ. ಬುಬುತಿ ಎಂದು ನೆಂಟರು ಕೇಳಿದ್ದಕ್ಕೆ ಇಲ್ಲವೆಂದವನು ಆ ದ್ವೀಪದಲ್ಲಿ ತಲೆಯೆತ್ತಿ ತಿರುಗುವಂತಿರಲಿಲ್ಲ. ನೆಂಟರಲ್ಲದವರಂತೂ ಅಲ್ಲಿ ಯಾರೂ ಇರಲಿಲ್ಲ. ಲಾಂದ್ರ ಹೋಗಿತ್ತು, ಹಂದಿ ಹೋಗಿತ್ತು. ಮಕ್ಕಳ ಕೈಗೆ ಸಿಕ್ಕು ಕಾಲೆಲ್ಲ ಕಳೆದುಕೊಂಡ ಏಡಿಯ ಹಾಗೆ ಅವನಿಗೆ ಉಳಿದದ್ದು ಮೈಯೊಂದೇ.

ಅದಕ್ಕೇ ಅವನು ಶಾಸನಸಭೆಗೆ ನಿಂತದ್ದು. ಗೆದ್ದರೆ ರಾಜಧಾನಿ ತರಾವಾದಲ್ಲಿ ವಾಸ. ನೆಂಟರಿಗೂ ಅವನಿಗೂ ನಡುವೆ ಇಡೀ ಸಮುದ್ರ. ಅಲ್ಲಿ ಬಿಳಿಯ ಅಧಿಕಾರಿಗಳು ಯಾರು ಏನು ಕೇಳಿದರೂ ಆಗೋದಿಲ್ಲ ಎಂದು ಹೇಳಿ, ನಿಶ್ಚಿಂತೆಯಿಂದ ಚಹಾ ಕುಡಿಯುತ್ತಾರಂತೆ. ಆ ಒಂದು ಮಾತು ಕಲಿತರೆ ಸಾಕಿತ್ತು ಬೌರೊನಿಗೆ.

ಎದುರಾಳಿ ಅವನ ಚಿಕ್ಕಪ್ಪನ ಮಗ ಕೈಟೂ, ಸೇಂದಿ ಇಳಿಸುವವನು. ಒಂದೇ ಹೆಸರಿದ್ದರೆ ಅದು ಚುನಾವಣೆಯಲ್ಲ ಎಂದು ತರಾವಾದಿಂದ ಬಂದ ಬಿಳಿಯ ಅಧಿಕಾರಿ ಹಟ ಹಿಡಿದಾಗ, ಸಭೆಯಲ್ಲಿ ಕಂಬಕ್ಕೊರಗಿ ನಿದ್ದೆ ಹೋಗಿದ್ದವನ ಹೆಸರನ್ನು ಹಿರಿಯರು ಬರೆಸಿಬಿಟ್ಟಿದ್ದರು.

ಓಟು ಹಾಕಲು ಕಾಲ್ನಡಿಗೆಯಲ್ಲಿ ಹೊರಟ ಬೌರೊನನ್ನು ಕೈಟೂ ಅಡ್ಡಗಟ್ಟಿದ.

"ಅಣ್ಣ, ಒಂದು ಬುಬುತಿ."

"ಉಳಿದಿರೋದು ಚಡ್ಡಿ ಒಂದೇ ಕಣೋ."

"ನಿನ್ನ ಓಟು ಕೊಡಣ್ಣ. ನನ್ನ ಹೆಂಡ್ತೀನೇ ನಂಗೆ ಹಾಕಲ್ಲ. ಸೊನ್ನೆ ಬಂದ್ರೆ ಸೇಂದಿಯವರೆಲ್ಲ ಮರದ ಮೇಲೆ ಕೂತು ಹಾಡು ಕಟ್ತಾರೆ. ಮರ್ಯಾದೆಗೆ ಒಂದಿರ್ಲಿ."

ಬೌರೊ ನಕ್ಕ. ಬುಬುತಿಯನ್ನು ಅವನು ನಗುತ್ತಾ ಕೊಟ್ಟದ್ದು ಜೀವಮಾನದಲ್ಲಿ ಅದೇ ಮೊದಲು.

ಸಂಜೆ ಸಭಾಮನೆಯಲ್ಲಿ ಪೆಟ್ಟಿಗೆ ಬಿಚ್ಚಿದರು. ಅಧಿಕಾರಿ ಒಂದೇ ಸಮನೆ ಕೈಟೂ, ಕೈಟೂ ಎಂದು ಕೂಗುತ್ತಾ ಹೋದ. ಬೌರೊನ ಹೆಸರಿಗೆ ಬಂದದ್ದು ಒಂದೇ ಚೀಟಿ.

"ಎಷ್ಟು ಮನೆಗೆ ಹೋಗಿದ್ಯೋ?" ಬೌರೊ ಕೈಟೂನತ್ತ ತಿರುಗಿದ.

"ಎಲ್ಲಾ ಮನೆಗೂ," ಎಂದ ಕೈಟೂ ಅಳುಮುಖದಲ್ಲಿ. "ಒಬ್ಬರಲ್ಲ ಒಬ್ಬರು ಹಾಕ್ತಾರೆ ಅಂತ."

"ಇಲ್ಲ ಅನ್ನೋಕಾಗುತ್ತಾ?" ಅತ್ತೆ ಸೈಕಲ್ ಮೇಲೆ ಕೈಯೂರಿ ಹೇಳಿದಳು. "ನೀ ಹೇಗೂ ಗೆಲ್ತೀಯಲ್ಲ ಅಂದ್ಕೊಂಡ್ವಿ."

"ನಿನಗೆ ಬಿದ್ದ ಆ ಒಂದು ನಂದೇ ಅಣ್ಣ," ಎಂದ ಕೈಟೂ. "ದೋಣಿ ನೋಡಿದ್ರೆ ನಂಗೆ ವಾಂತಿ. ನೀನು ಕೇಳು, ಕೊಟ್ಬಿಡ್ತೀನಿ."

ಕೊಟ್ಟೇ ಅಭ್ಯಾಸವಿದ್ದ ಬೌರೊನ ನಾಲಗೆ ತೊದಲಿತು. "ತಮ್ಮ, ಬುಬುತಿ. ನಿನ್ನ ಕುರ್ಚಿ ನಂಗೆ ಕೊಡು."

"ತಗೋ ಅಣ್ಣ."

ಇಡೀ ಸಭೆ ನಿಟ್ಟುಸಿರು ಬಿಟ್ಟಿತು. ಹಿರಿಯನೊಬ್ಬ ಎದ್ದು ಅಧಿಕಾರಿಗೆ ಕೈಮುಗಿದ. "ಅಣ್ಣತಮ್ಮಂದಿರು ತೀರ್ಮಾನ ಮಾಡ್ಕೊಂಡಿದಾರೆ ಸ್ವಾಮಿ. ಹೆಸರು ಬದಲಾಯಿಸಿಕೊಳ್ಳಿ."

ದ್ವೀಪದಲ್ಲಿ ನೆಂಟರೇ ಇಲ್ಲದ ಆ ಒಬ್ಬ ಮನುಷ್ಯ ಚಹಾ ಗುಟುಕರಿಸಿ, ಬಟ್ಟಲನ್ನು ಕೆಳಗಿಟ್ಟ.

"ಆಗೋದಿಲ್ಲ."