ಚಿಲಕವಿಲ್ಲದ ಸೌನಾ

ಮೋಡ ಕವಿದು ಮಲಕಮ್ಮನ ಮೆಣಸಿನಕಾಯಿ ಒಣಗಲಿಲ್ಲ. ರವಿಕಾಂತನಿಗೆ ಅಂದು ಒದಗಿದ ಪೇಚಾಟಕ್ಕೆಲ್ಲ ಅದೇ ಮೂಲ.

ರವಿಕಾಂತ ಉಮರ್ಗಾದ ಹೈವೇ ಪಕ್ಕದ ಹೋಟೆಲೊಂದರ ಮ್ಯಾನೇಜರ್. ಅಲ್ಲಿ ಹೊಸದಾಗಿ ಸೌನಾ, ಅಂದರೆ ಕಾದ ಕಲ್ಲಿನ ಬಿಸಿಯಲ್ಲಿ ಕೂತು ಬೆವರುವ ಮರದ ಕೋಣೆ, ಕಟ್ಟಿಸಿದ್ದರು. ಅವನು ವೈದ್ಯರ ಅಧ್ಯಯನಗಳನ್ನೆಲ್ಲ ಓದಿ, ಬಾಗಿಲು ಹೊರಕ್ಕೆ ತೆರೆಯಬೇಕು, ಚಿಲಕ ಇರಲೇಬಾರದು ಎಂದು ಹಟ ಹಿಡಿದಿದ್ದ. ಮಾಲೀಕ ಮಹಾದೇವಪ್ಪನಿಗೆ ಅದು ಸುತರಾಂ ಒಪ್ಪಿಗೆಯಿಲ್ಲ.

"ಚಿಲಕಾ ಇಲ್ಲದ ಬಾಗಿಲಾ ಎಲ್ಲೆರ ನೋಡೀದೇನೋ? ಮಂದಿ ಅರಬತ್ತಲೆ ಕೂತಿರ್ತಾರ!"

"ಒಳಗ ತಲಿ ತಿರುಗಿದ್ರ ಹೊರಗ ಬರೋದು ಹ್ಯಾಂಗ್ರೀ, ಮಾಲಕ್ರ?"

"ಇವತ್ತು ತಪಾಸಣಿಗೆ ಪುಣೆ ಮೇಡಂ ಬಂದು ಫೇಲ್ ಅಂದ್ರ ನಿನ್ನ ನೌಕರಿನೂ ಫೇಲ್!" ಎಂದು ಗುಡುಗಿ, ಮಹಾದೇವಪ್ಪ ತಾನೇ ಒಂದು ಚಿಲಕ ಬಡಿದು ಹೋದ. ರವಿಕಾಂತ ಕಳ್ಳನಂತೆ ಅದನ್ನು ಕಿತ್ತುಹಾಕಿದ.

ಮಧ್ಯಾಹ್ನ ಕೋಣೆ ಕಾದಿದೆಯೇ ಎಂದು ನೋಡಹೋದರೆ, ಬೆಂಚಿನ ತುಂಬ ಮೆಣಸಿನಕಾಯಿ, ಮದುವೆಗೆ ಬಂದ ಬೀಗರಂತೆ ಆರಾಮಾಗಿ ಮಲಗಿದ್ದವು!

"ಅವ್ವಾ, ಇದೇನ್ ಮಾಡೀದಿ?"

"ಖೋಲಿ ಖಾಲಿ ಇತ್ತರೀ ಸಾಹೇಬ್ರ. ಛಲೋ ಕಾವ ಅದ," ಎಂದಳು ಅಡುಗೆಯ ಮಲಕಮ್ಮ.

ಅಷ್ಟರಲ್ಲಿ ಹೊರಗೆ ಕಾರಿನ ಸದ್ದು. ಇಬ್ಬರೂ ಎದ್ದುಬಿದ್ದು ಬಾಚಿ ಚೀಲಕ್ಕೆ ತುಂಬಿದರು. ಗಡಿಬಿಡಿಯಲ್ಲಿ ಒಂದು ಹಿಡಿ ಕಾಯಿ ಕಾದ ಕಲ್ಲುಗಳ ಸಂದಿಗೆ ಜಾರಿತು, ಯಾರೂ ನೋಡಲಿಲ್ಲ.

ಪುಣೆಯಿಂದ ತಪಾಸಣೆಗೆ ಬಂದ ವಿದ್ಯಾವತಿ ಮೇಡಂ ಮೂಲತಃ ಬಸವಕಲ್ಯಾಣದವರು. ನೇರ ಒಳಗೆ ನಡೆದರು, ಹಿಂದೆ ರವಿಕಾಂತ. ಬಾಗಿಲು ಮುಚ್ಚಿಕೊಂಡಿತು.

"ಹವಾ ಆಡ್ತದೋ ಇಲ್ಲೋ ನೋಡಮು," ಎಂದು ಮೇಡಂ ಕಲ್ಲಿನ ಮೇಲೆ ಒಂದು ಸೌಟು ನೀರು ಸುರಿದರು.

ನೂರು ಮನೆಯ ಒಗ್ಗರಣೆ ಒಮ್ಮೆಗೇ ಮೂಗಿಗೆ ಹತ್ತಿದಂತಾಯಿತು. ಇಬ್ಬರೂ ಕೆಮ್ಮುತ್ತ, ಸೀನುತ್ತ, ಕಣ್ಣು ಕಾಣದೆ ಬಾಗಿಲಿಗೆ ಢಿಕ್ಕಿ ಹೊಡೆದರು. ಅದು ತಟ್ಟನೆ ತೆರೆದು, ಇಬ್ಬರೂ ಹೊರಗೆ ಕಾದು ನಿಂತಿದ್ದ ಮಹಾದೇವಪ್ಪನ ಕಾಲ ಬುಡದಲ್ಲಿ ಹೋಗಿ ಬಿದ್ದರು.

ನೌಕರಿ ಹೋಯಿತೆಂದು ರವಿಕಾಂತ ಕಣ್ಣು ಮುಚ್ಚಿಕೊಂಡ. ಹೇಗೂ ಅವು ತೆರೆಯುವ ಸ್ಥಿತಿಯಲ್ಲಿರಲಿಲ್ಲ.

ಮೇಡಂ ಒಂದು ತಂಬಿಗೆ ನೀರು ಕುಡಿದು ಮೂಗು ಒರೆಸಿಕೊಂಡರು. "ಪಾಸ್! ಚಿಲಕಾ ಇದ್ದಿದ್ರ ಇವತ್ತು ಒಳಗೇ ಸಾಯ್ತಿದ್ವಿ. ಮೆಣಸಿನಕಾಯಿ ಘಾಟು ಹಾಕಿ ಇಂಥಾ ಖರೇ ಪರೀಕ್ಷಾ ಯಾರೂ ಮಾಡಿ ತೋರಿಸಿರಲಿಲ್ಲ. ಯಾರ ವಿಚಾರರೀ ಇದು?"

"ನಂದೇರೀ!" ಎಂದ ಮಹಾದೇವಪ್ಪ. "ಚಿಲಕಾ ಬ್ಯಾಡ ಅಂತ ಮುಂಜಾನಿಂದ ಬಡ್ಕೋಲಿಕ್ಕತ್ತೀನಿ."

"ಶಾಬಾಸ್! ತಿಂಗಳಿಗೊಮ್ಮೆ ಹಿಂಗೇ ಪರೀಕ್ಷಾ ಮಾಡ್ರಿ. ಆದ್ರ ಒಳಗ ಖರೇ ಮನುಷ್ಯಾನೇ ಇರಬೇಕು."

"ಅದಕ್ಕೇನರೀ, ನಮ್ಮ ರವಿಕಾಂತ ಇದ್ದಾನಲ್ಲ! ಏನಪಾ, ತಯಾರಿದ್ದೀ ಹೌದಿಲ್ಲೋ?"

ಸಾಧ್ಯವೇ ಇಲ್ಲ ಎನ್ನಲು ರವಿಕಾಂತ ಬಾಯಿ ತೆರೆದ. ಸೀನು ಬಂತು, ತಲೆ ಜೋರಾಗಿ ಕೆಳಗೆ ಬಾಗಿತು.

"ನೋಡ್ರಿ, ಹೂಂ ಅಂದ!" ಎಂದ ಮಹಾದೇವಪ್ಪ.